ಲೊಕೇಲ್ ಮೇಲೆ ಎಷ್ಟು ಭಾರ ಹಾಕಬಹುದು? ಬಿಲ್ಲಿಂಗ್ ಪ್ರೋಗ್ರಾಮ್ ಬರೆಯುವವರಿಗೆ ಮಾರ್ಗದರ್ಶಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ದಲಾಲಿ ಅಂಗಡಿಗಳಿಗೆ, ರೈಸ್ ಮಿಲ್ಲುಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುವ ಹುಡುಗ ಹುಡುಗಿಯರು ಈಗ ಊರೂರಲ್ಲೂ ಸಿಗುತ್ತಾರೆ. ಅಂಗಡಿ ಸಾಹುಕಾರರು ಕೇಳುವುದು ದೊಡ್ಡದೇನಲ್ಲ. ರೈತನಿಗೆ ಕೊಡುವ ಪಟ್ಟಿ, ಅಂದರೆ ಬಿಲ್ಲು, ಕನ್ನಡದಲ್ಲಿ ಬರಬೇಕು. ಮೊತ್ತಕ್ಕೆ ಲಕ್ಷದ ಲೆಕ್ಕದಲ್ಲಿ ಕಾಮಾ ಬೀಳಬೇಕು. ತಾರೀಖಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಊರಿನ ಹೆಸರುಗಳು ಅಕಾರಾದಿಯಲ್ಲಿ ಕೂರಬೇಕು.

ಇಷ್ಟನ್ನೂ ಒಂದೇ ಸಾಲಿನಲ್ಲಿ ಮಾಡಿಕೊಡುವಂತೆ ಕಾಣುವ ಸೌಲಭ್ಯ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಅದೇ ಲೊಕೇಲ್, ಅಂದರೆ ಸಂಖ್ಯೆ, ತಾರೀಖು, ಅಕಾರಾದಿ ಇವುಗಳಲ್ಲಿ ಒಂದು ಭಾಷೆ ಮತ್ತು ಪ್ರದೇಶದ ರೂಢಿಗಳ ಕಟ್ಟು. ಸೆಟ್‌ಲೊಕೇಲ್ ಎಂಬ ಫಂಕ್ಷನ್ ಕರೆದರೆ ಆಯಿತು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಬರುತ್ತದೆ. ಅದೇ ಪ್ರೋಗ್ರಾಮ್ ಅಂಗಡಿಯ ವಿಂಡೋಸ್ ಕಂಪ್ಯೂಟರಿಗೋ ಬಾಡಿಗೆ ಸರ್ವರಿಗೋ ಹೋದ ಮೇಲೆ ಕಾಮಾ ಬೇರೆ ಕಡೆ ಬೀಳುತ್ತದೆ, ಇಲ್ಲವೇ ಪ್ರೋಗ್ರಾಮ್ ಏಳುವುದೇ ಇಲ್ಲ. ಇಲ್ಲಿ ಯಾರ ಬಗ್ ಕೂಡ ಇಲ್ಲ. ಲೊಕೇಲ್ ಏನು ಕೊಡಬೇಕು ಎಂದು ಭಾಷೆಯ ಸ್ಟ್ಯಾಂಡರ್ಡ್, ಅಂದರೆ ಅದರ ಅಧಿಕೃತ ನಿಯಮ ಪುಸ್ತಕ, ಹೇಳಿರುವುದೇ ಬಹಳ ಕಡಿಮೆ. ಉಳಿದದ್ದನ್ನು ಲೈಬ್ರರಿ ಮಾಡುವವರಿಗೆ ಬಿಟ್ಟಿದೆ.

ಹಾಗೆ ಬಿಟ್ಟ ಜಾಗಗಳು ಎಲ್ಲಿವೆ, ಅಲ್ಲಿ ನೀವೇ ಏನು ನಿರ್ಧಾರ ಮಾಡಬೇಕು ಎನ್ನುವುದನ್ನು ನೋಡೋಣ. ಉದಾಹರಣೆಗಳು ಹೆಚ್ಚಾಗಿ ಸಿ ಮತ್ತು ಪೈಥಾನ್‌ನವು. ನಡುನಡುವೆ ಜಾವಾ, ಜಾವಾಸ್ಕ್ರಿಪ್ಟ್ ಬರುತ್ತವೆ.

ಸ್ಟ್ಯಾಂಡರ್ಡ್ ನಿಜಕ್ಕೂ ಕೊಟ್ಟಿರುವ ಮಾತು

ಲೊಕೇಲ್ ಸಿ ಭಾಷೆಗೆ 1989ರ ಸ್ಟ್ಯಾಂಡರ್ಡ್ ಜೊತೆ ಬಂತು. ಅದು ಖಚಿತವಾಗಿ ಹೇಳುವುದು ಇಷ್ಟು. ಪ್ರೋಗ್ರಾಮ್ ಶುರುವಾದಾಗ ‘ಸಿ’ ಎಂಬ ಹೆಸರಿನ ಲೊಕೇಲ್ ಜಾರಿಯಲ್ಲಿರುತ್ತದೆ. ಸೆಟ್‌ಲೊಕೇಲ್‌ಗೆ ಖಾಲಿ ಹೆಸರು ಕೊಟ್ಟರೆ ಆ ಯಂತ್ರದ ಪರಿಸರ ಹೇಳುವ ಲೊಕೇಲ್ ಬರುತ್ತದೆ. ಕೇಳಿದ ಲೊಕೇಲ್ ಇಲ್ಲದಿದ್ದರೆ ನಲ್ (ಏನೂ ಇಲ್ಲ ಎಂಬ ಗುರುತು) ವಾಪಸ್ ಬರುತ್ತದೆ, ಹಳೆಯದೇ ಮುಂದುವರಿಯುತ್ತದೆ. ಹೆಸರುಗಳ ವಿಷಯದಲ್ಲಿ ಈ ಎರಡರ ಆಚೆ ಯಾವ ಮಾತೂ ಇಲ್ಲ. ಲಿನಕ್ಸ್‌ನಲ್ಲಿ ಕನ್ನಡಕ್ಕೆ ‘ಕೆಎನ್’, ಅಂಡರ್‌ಸ್ಕೋರ್, ‘ಐಎನ್’ ಎಂದು ಬರೆಯುತ್ತೇವೆ. ವಿಂಡೋಸ್‌ನಲ್ಲಿ ನಡುವೆ ಅಡ್ಡಗೆರೆ. ಎರಡೂ ಸ್ಟ್ಯಾಂಡರ್ಡ್ ಹೇಳಿದ ಹೆಸರುಗಳಲ್ಲ, ಎರಡೂ ತಪ್ಪಲ್ಲ.

ಹೀಗೆ ಬಿಟ್ಟ ಜಾಗಗಳಲ್ಲಿ ಮೂರು ದರ್ಜೆಗಳಿವೆ. ಮೊದಲನೆಯದರಲ್ಲಿ ಲೈಬ್ರರಿಯವರು ತಮಗೆ ಬೇಕಾದಂತೆ ಮಾಡಬಹುದು, ಆದರೆ ಏನು ಮಾಡಿದ್ದೇವೆ ಎಂದು ಬರೆದಿಡಬೇಕು. ಇದು ಇಂಪ್ಲಿಮೆಂಟೇಶನ್ ಡಿಫೈನ್ಡ್. ಎರಡನೆಯದು ಅನ್‌ಸ್ಪೆಸಿಫೈಡ್. ಇಲ್ಲಿ ಹಲವು ದಾರಿಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು, ಹೇಳಬೇಕಾಗೂ ಇಲ್ಲ. ಮೂರನೆಯದು ಅನ್‌ಡಿಫೈನ್ಡ್. ಇಲ್ಲಿ ಏನು ಬೇಕಾದರೂ ಆಗಬಹುದು, ಪ್ರೋಗ್ರಾಮ್ ಸಾಯುವುದೂ ಸೇರಿ. ಲೊಕೇಲ್ ವಿಭಾಗದಲ್ಲಿ ಮೂರೂ ಸಿಗುತ್ತವೆ. ನಮ್ಮ ಕಡೆ ನೆಲ್ಲಿನ ಒಂದು ಚೀಲ ಅಂದರೆ 75 ಕೆಜಿ ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ, ಕರಾರಿನಲ್ಲಿ ‘ನೂರು ಚೀಲ’ ಅಂತಷ್ಟೇ ಬರೆದು ದೂರದ ಊರಿಗೆ ಕಳಿಸಿದರೆ ತಕರಾರು ಗ್ಯಾರಂಟಿ. ಲೊಕೇಲ್ ಹೆಸರೂ ಅಷ್ಟೇ.

ಮೊದಲ ಕೆಲಸ: ಯಾವುದು ಕಣ್ಣಿಗೆ, ಯಾವುದು ಯಂತ್ರಕ್ಕೆ

ಪ್ರೋಗ್ರಾಮ್ ತೆರೆದು, ಸಂಖ್ಯೆ, ತಾರೀಖು, ಹೆಸರು ಹೊರಗೆ ಹೋಗುವ ಪ್ರತಿ ಜಾಗವನ್ನೂ ಗುರುತು ಮಾಡಿಕೊಳ್ಳಿ. ಪ್ರಿಂಟ್ ಆಗುವ ಪಟ್ಟಿ, ಪರದೆ, ಎಸ್ಎಂಎಸ್ ಇವೆಲ್ಲ ಕಣ್ಣಿಗೆ. ಡೇಟಾಬೇಸ್, ಸಿಎಸ್‌ವಿ ಫೈಲು, ಜೇಸನ್, ತೂಕದ ಯಂತ್ರದಿಂದ ಬರುವ ಸಾಲು, ಕಾನ್ಫಿಗ್ ಫೈಲು ಇವೆಲ್ಲ ಯಂತ್ರಕ್ಕೆ.

ಯಂತ್ರದ ಕಡೆಗೆ ಲೊಕೇಲ್ ಬಿಡಲೇಬೇಡಿ. ಮೊತ್ತವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, 2025-04-03 ಎಂಬಂತೆ ಇಡಿ. ಇಷ್ಟು ಮಾಡಿದರೆ ಮುಂದೆ ಲೊಕೇಲ್ ಏನೇ ಮಾಡಿದರೂ ಪ್ರಿಂಟು ಕೆಡಬಹುದು, ಲೆಕ್ಕ ಕೆಡುವುದಿಲ್ಲ.

ನಿಮ್ಮ ಯಂತ್ರದಲ್ಲಿ ಏನಿದೆ ನೋಡಿ

ಲಿನಕ್ಸ್‌ನಲ್ಲಿ ಲೊಕೇಲ್ ಕಮಾಂಡನ್ನು ‘ಮೈನಸ್ ಎ’ ಜೊತೆ ಕೊಟ್ಟರೆ ಅಲ್ಲಿರುವ ಎಲ್ಲ ಲೊಕೇಲ್‌ಗಳ ಹೆಸರು ಬರುತ್ತದೆ. ಇದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸಾಲದು, ಪ್ರೋಗ್ರಾಮ್ ಓಡುವ ಜಾಗದಲ್ಲೇ ನೋಡಬೇಕು. ಪ್ರೋಗ್ರಾಮನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್‌ನ ಸಣ್ಣ ಡೆಬಿಯನ್ ಇಮೇಜ್‌ಗಳಲ್ಲಿ ಕನ್ನಡ ಇರುವುದಿಲ್ಲ, ‘ಸಿ’ ಮತ್ತು ಅದರ ಬಂಧುಗಳಷ್ಟೇ ಇರುತ್ತವೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಬಳಸಿದರೆ ಕಥೆಯೇ ಬೇರೆ. ಅದರಲ್ಲಿರುವುದು ಮಸಲ್ ಎಂಬ ಸಿ ಲೈಬ್ರರಿ. ಅಲ್ಲಿ ಲೊಕೇಲ್ ಬೆಂಬಲ ತೀರಾ ಕಡಿಮೆ. ಯಾವ ಲೊಕೇಲ್ ಕೇಳಿದರೂ ಸಂಖ್ಯೆಯ ರೂಪ ಬದಲಾಗುವುದಿಲ್ಲ.

ಯಾವ ಲೊಕೇಲ್ ಹಿಡಿಯಬೇಕು ಎನ್ನುವುದು ಪರಿಸರದ ವೇರಿಯಬಲ್‌ಗಳಿಂದ ಬರುತ್ತದೆ. ಎಲ್‌ಸಿ ಆಲ್ ಇದ್ದರೆ ಅದೇ ಮೇಲು. ಇಲ್ಲದಿದ್ದರೆ ಎಲ್‌ಸಿ ನ್ಯೂಮೆರಿಕ್, ಎಲ್‌ಸಿ ಟೈಮ್ ಥರದ ಬಿಡಿ ವರ್ಗಗಳು. ಅವೂ ಇಲ್ಲದಿದ್ದರೆ ಲ್ಯಾಂಗ್. ಇಲ್ಲಿ ಎರಡು ಕಡೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ರಾತ್ರಿಯ ವರದಿಯನ್ನು ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೌಲಭ್ಯ) ಹಾಕಿದರೆ, ಕ್ರಾನ್ ಬರಿಗೈ ಪರಿಸರದಲ್ಲಿ ಓಡಿಸುತ್ತದೆ. ಹಗಲು ಕೈಯಿಂದ ಓಡಿಸಿದಾಗ ಕನ್ನಡ ತಿಂಗಳು, ರಾತ್ರಿ ಇಂಗ್ಲಿಷ್ ತಿಂಗಳು. ಇನ್ನೊಂದು, ದೂರದ ಸರ್ವರಿಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್, ಉಬುಂಟು ಮತ್ತು ಡೆಬಿಯನ್‌ನಲ್ಲಿ, ನಿಮ್ಮ ಲ್ಯಾಪ್‌ಟಾಪಿನ ಲ್ಯಾಂಗ್ ಬೆಲೆಯನ್ನು ಸರ್ವರಿಗೆ ಹೊತ್ತೊಯ್ಯುತ್ತದೆ. ಯಾರು ಲಾಗಿನ್ ಆಗಿ ಪ್ರೋಗ್ರಾಮ್ ಎಬ್ಬಿಸಿದರು ಎನ್ನುವುದರ ಮೇಲೆ ಪಟ್ಟಿಯ ರೂಪ ಬದಲಾಗಬಹುದು ಅಂದರೆ ನಂಬುತ್ತೀರಾ? ಆಗುತ್ತದೆ. ಹಾಗಾಗಿ ಸರ್ವೀಸ್ ಫೈಲಿನಲ್ಲೇ ಬೇಕಾದ ಲೊಕೇಲ್ ಹೆಸರನ್ನು ಬರೆದುಬಿಡಿ.

ಸಿ ಭಾಷೆಯಲ್ಲಿ ಸೆಟ್‌ಲೊಕೇಲ್ ಏನು ವಾಪಸ್ ಕೊಟ್ಟಿತು ಎಂದು ನೋಡದೆ ಮುಂದೆ ಹೋಗಬೇಡಿ. ನಲ್ ಬಂದರೆ ಲಾಗ್‌ನಲ್ಲಿ ಬರೆಯಿರಿ. ವಾಪಸ್ ಬಂದ ಹೆಸರು ಬೇಕಿದ್ದರೆ ಕೂಡಲೇ ನಕಲು ಮಾಡಿಕೊಳ್ಳಿ, ಮುಂದಿನ ಕರೆ ಅದರ ಮೇಲೆಯೇ ಬರೆಯಬಹುದು. ಆ ಹೆಸರಿನ ರೂಪ ಹೇಗಿರಬೇಕೆಂದೂ ಸ್ಟ್ಯಾಂಡರ್ಡ್ ಹೇಳಿಲ್ಲ. ಅದನ್ನು ಫೈಲಿನಲ್ಲಿ ಉಳಿಸಿ ಇನ್ನೊಂದು ಯಂತ್ರದಲ್ಲಿ ಓದುವ ಯೋಚನೆ ಬಿಡಿ. ಪೈಥಾನ್ ಇಲ್ಲಿ ಸ್ವಲ್ಪ ಒಳ್ಳೆಯದು. ಲೊಕೇಲ್ ಸಿಗದಿದ್ದರೆ ಎರರ್ ಎಸೆಯುತ್ತದೆ, ಸುಮ್ನೆ ಮುಂದೆ ಹೋಗುವುದಿಲ್ಲ. ಸಿ++ ಕೂಡ ಹಾಗೆಯೇ ಎಸೆಯುತ್ತದೆ.

ಪೈಥಾನ್ 3ರಲ್ಲಿ ಇನ್ನೊಂದು ವಿಷಯ. ಶುರುವಿನಲ್ಲಿ ಅದು ಅಕ್ಷರಗಳ ವರ್ಗವನ್ನು ಮಾತ್ರ ಪರಿಸರದಿಂದ ತೆಗೆದುಕೊಳ್ಳುತ್ತದೆ. ಸಂಖ್ಯೆ, ತಾರೀಖು, ಹಣ ಇವೆಲ್ಲ ‘ಸಿ’ ಲೊಕೇಲ್‌ನಲ್ಲೇ ಇರುತ್ತವೆ. ನೀವಾಗಿ ಸೆಟ್‌ಲೊಕೇಲ್ ಕರೆಯುವವರೆಗೂ ಕಾಮಾ ಬರುವುದಿಲ್ಲ.

ಸಂಖ್ಯೆ ಬರೆಯುವುದು

ಸಿ ಲೈಬ್ರರಿಯಲ್ಲಿ ಲೊಕೇಲ್‌ಕಾನ್ವ್ ಎಂಬ ಫಂಕ್ಷನ್ ಇದೆ, ಪೈಥಾನ್‌ನಲ್ಲೂ ಅದೇ ಹೆಸರು. ಅದು ಕೊಡುವ ಗ್ರೂಪಿಂಗ್ ಎಂಬ ಅಂಶ ನೋಡಿ. 3, 2, 0 ಅಂತ ಇದ್ದರೆ ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು, ಹಾಗೇ ಕೊನೆವರೆಗೆ ಎಂದರ್ಥ. ಅದು ನಮ್ಮ ಲಕ್ಷ, ಕೋಟಿಯ ಲೆಕ್ಕ. 3, 3, 0 ಅಂದರೆ ಮಿಲಿಯನ್ ಲೆಕ್ಕ. ‘ಸಿ’ ಲೊಕೇಲ್‌ನಲ್ಲಿ ಖಾಲಿ, ಕಾಮಾ ಇಲ್ಲವೇ ಇಲ್ಲ.

ಗಮನಿಸಿ, ಸಂಖ್ಯೆಯ ಗ್ರೂಪಿಂಗ್ ಬೇರೆ, ಹಣದ ಗ್ರೂಪಿಂಗ್ ಬೇರೆ. ಒಂದೇ ಲೊಕೇಲ್‌ನಲ್ಲಿ ಇವೆರಡೂ ಒಂದೇ ಥರ ಇರಬೇಕೆಂಬ ನಿಯಮವಿಲ್ಲ. ಎರಡನ್ನೂ ಪ್ರಿಂಟ್ ಮಾಡಿ ನೋಡಿ. ಒಂದರಲ್ಲಿ ಲಕ್ಷ, ಇನ್ನೊಂದರಲ್ಲಿ ಮಿಲಿಯನ್ ಬಂದರೆ ಚೀಲದ ಕಾಲಂಗೂ ರೂಪಾಯಿ ಕಾಲಂಗೂ ತಾಳೆಯಾಗುವುದಿಲ್ಲ.

ಪೈಥಾನ್‌ನ ಫಾರ್ಮ್ಯಾಟ್ ಸ್ಟ್ರಿಂಗ್‌ನಲ್ಲಿ ಕಾಮಾ ಹಾಕುವ ಸುಲಭದ ದಾರಿ ಇದೆ ಅಲ್ವಾ, ಅದು ಲೊಕೇಲ್ ಕಡೆ ತಿರುಗಿಯೂ ನೋಡುವುದಿಲ್ಲ. ಯಾವಾಗಲೂ ಮೂರು ಮೂರು. 1234567 ಅನ್ನು 1,234,567 ಎಂದೇ ಬರೆಯುತ್ತದೆ. ಕಾಮಾ ಬದಲು ‘ಎನ್’ ಅಕ್ಷರ ಕೊಟ್ಟರೆ ಮಾತ್ರ ಲೊಕೇಲ್ ನೋಡುತ್ತದೆ.

ನನ್ನ ಸಲಹೆ ಏನೆಂದರೆ, ರೂಪಾಯಿ ಬರೆಯಲು ಲೊಕೇಲ್ ಬೇಡವೇ ಬೇಡ. ಲಕ್ಷದ ಕಾಮಾ ಹಾಕುವ ಫಂಕ್ಷನ್ ಹತ್ತು ಸಾಲೂ ಆಗುವುದಿಲ್ಲ. ಪೈಸೆಯ ಪೂರ್ಣಾಂಕವನ್ನು ನೂರರಿಂದ ಭಾಗಿಸಿ ರೂಪಾಯಿ ಮತ್ತು ಪೈಸೆ ಬೇರೆ ಮಾಡಿ. ಮೈನಸ್ ಇದ್ದರೆ ಭಾಗಿಸುವ ಮುಂಚೆಯೇ ತೆಗೆದಿಡಿ. ರೂಪಾಯಿಯ ಕೊನೆಯ ಮೂರು ಅಂಕಿ ಕತ್ತರಿಸಿ ಇಟ್ಟುಕೊಳ್ಳಿ. ಉಳಿದದ್ದನ್ನು ಬಲದಿಂದ ಎರಡೆರಡಾಗಿ ಕತ್ತರಿಸಿ ಕಾಮಾದಿಂದ ಜೋಡಿಸಿ. ಪೈಸೆಗೆ ಯಾವಾಗಲೂ ಎರಡು ಅಂಕಿ. 4567890 ರೂಪಾಯಿ 5 ಪೈಸೆ ಕೊಟ್ಟರೆ 45,67,890.05 ಬರಬೇಕು. 999, 1000, 99999, 100000 ಮತ್ತು ಸೊನ್ನೆಗೆ ಪರೀಕ್ಷೆ ಮಾಡಿಬಿಡಿ, ಜೀವಮಾನಕ್ಕೆ ಸಾಕು. ಬ್ರೌಸರ್ ಪುಟವಾದರೆ ಭಾರತದ ಇಂಗ್ಲಿಷ್ ಲೊಕೇಲ್ ಹೆಸರನ್ನು ಕೊಟ್ಟು ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟ್ಲ್ ಬಳಸಿ, 12,34,567 ಎಂದು ಸರಿಯಾಗಿ ಕೊಡುತ್ತದೆ. ಹೆಸರು ಕೊಡದೆ ಬಿಟ್ಟರೆ ಬ್ರೌಸರ್‌ನ ಭಾಷೆ ಏನಿದೆಯೋ ಅದು.

ಸಂಖ್ಯೆ ಓದುವುದು

ಇದು ಬರೆಯುವುದಕ್ಕಿಂತ ಅಪಾಯ. ಅಕ್ಷರಗಳ ಸಾಲನ್ನು ಸಂಖ್ಯೆ ಮಾಡುವ ಸಿ ಭಾಷೆಯ ಸ್ಟ್ರ್‌ಟಾಡ್, ಎಟಾಫ್ ಇವು ದಶಮಾಂಶದ ಚಿಹ್ನೆ ಯಾವುದು ಎಂದು ಲೊಕೇಲ್ ಕೇಳುತ್ತವೆ. ಜರ್ಮನ್ ಲೊಕೇಲ್‌ನಲ್ಲಿ ಅದು ಕಾಮಾ. ಆಗ ತೂಕದ ಯಂತ್ರದಿಂದ 74.85 ಬಂದರೆ ಓದುವುದು ಬರೀ 74. ನಮ್ಮಲ್ಲಿ ಜರ್ಮನ್ ಯಾರು ಹಾಕುತ್ತಾರೆ ಎಂದುಕೊಳ್ಳಬೇಡಿ. ಪ್ರೋಗ್ರಾಮ್‌ನಲ್ಲಿ ಸೇರಿಸಿಕೊಂಡ ಬೇರೆ ಯಾವುದೋ ಲೈಬ್ರರಿ ಖಾಲಿ ಹೆಸರಿನಿಂದ ಸೆಟ್‌ಲೊಕೇಲ್ ಕರೆದುಬಿಟ್ಟರೆ ಆ ಯಂತ್ರದಲ್ಲಿರುವುದು ಬರುತ್ತದೆ. ಸಿ++17ರಿಂದ ಫ್ರಮ್‌ಚಾರ್ಸ್, ಟುಚಾರ್ಸ್ ಎಂಬ ಜೋಡಿ ಇದೆ, ಲೊಕೇಲ್ ಅನ್ನು ಮುಟ್ಟುವುದೇ ಇಲ್ಲ. ಯಂತ್ರದ ಡೇಟಾಗೆ ಅದನ್ನೇ ಬಳಸಿ. ಪೈಥಾನ್‌ನ ಫ್ಲೋಟ್, ಜಾವಾದ ಪಾರ್ಸ್‌ಡಬಲ್ ಕೂಡ ಲೊಕೇಲ್ ನೋಡುವುದಿಲ್ಲ.

ಕನ್ನಡ ಅಂಕಿಗಳ ಕಥೆ ಇನ್ನೂ ಸ್ವಾರಸ್ಯ. ಪೈಥಾನ್‌ನ ಇಂಟ್‌ಗೆ ‘೧೨೩’ ಕೊಡಿ, 123 ಬರುತ್ತದೆ. ಜಾವಾದಲ್ಲೂ ಬರುತ್ತದೆ. ಪೂರ್ಣಾಂಕ ಓದುವ ಸಿ ಭಾಷೆಯ ಸ್ಟ್ರ್‌ಟಾಲ್ ವಿಷಯದಲ್ಲಿ ಸ್ಟ್ಯಾಂಡರ್ಡ್ ಹೇಳುವುದು ಇಷ್ಟೇ: ‘ಸಿ’ ಅಲ್ಲದ ಲೊಕೇಲ್‌ಗಳಲ್ಲಿ ಹೆಚ್ಚಿನ ಸ್ಥಳೀಯ ರೂಪಗಳನ್ನು ಒಪ್ಪಬಹುದು. ಒಪ್ಪಲೇಬೇಕು ಎಂದಿಲ್ಲ. ಯಾವ ರೂಪ ಎಂದೂ ಇಲ್ಲ. ಬಳಕೆದಾರರು ಕನ್ನಡ ಅಂಕಿ ಹೊಡೆಯುವ ಸಾಧ್ಯತೆ ಇದ್ದರೆ, ಓದುವ ಮುಂಚೆಯೇ ೦ಯಿಂದ ೯ರವರೆಗಿನ ಹತ್ತನ್ನೂ 0ರಿಂದ 9ಕ್ಕೆ ಬದಲಿಸುವ ಸಣ್ಣ ಪಟ್ಟಿ ಇಟ್ಟುಕೊಳ್ಳಿ. ಪೈಥಾನ್‌ನ ರೆಗೆಕ್ಸ್‌ನಲ್ಲಿ (ಪಠ್ಯದ ನಮೂನೆ ಹುಡುಕುವ ಸೂತ್ರ) ಅಂಕಿ ಎಂದು ಹುಡುಕುವ ಗುರುತು ಕನ್ನಡ ಅಂಕಿಯನ್ನೂ ಹಿಡಿಯುತ್ತದೆ. ಫೋನ್ ನಂಬರ್ ಪರೀಕ್ಷೆ ಮಾಡುವವರು ಇದನ್ನು ನೆನಪಿಡಬೇಕು.

ಊರಿನ ಹೆಸರು ಜೋಡಿಸುವುದು

ಕೊಪ್ಪಳ ಜಿಲ್ಲೆಯ ಏಳು ತಾಲೂಕುಗಳನ್ನು ಲೊಕೇಲ್ ಇಲ್ಲದೆ, ಬರೀ ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ನೋಡಿ. ಕನಕಗಿರಿ, ಕಾರಟಗಿ, ಕುಕನೂರು, ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ. ಚೊಕ್ಕವಾಗಿದೆ. ಇಷ್ಟು ನೋಡಿ ಸಾಕು ಎಂದುಕೊಳ್ಳುವವರೇ ಜಾಸ್ತಿ.

ಈಗ ಬಳ್ಳಾರಿ ಮತ್ತು ಬಸಾಪಟ್ಟಣ ಸೇರಿಸಿ. ನಿಘಂಟಿನ ಕ್ರಮದಲ್ಲಿ ಬಸಾಪಟ್ಟಣ ಮೊದಲು, ಏಕೆಂದರೆ ವರ್ಣಮಾಲೆಯಲ್ಲಿ ಳ ಇರುವುದು ಹ ಆದ ಮೇಲೆ. ಯುನಿಕೋಡ್ ಕೋಷ್ಟಕದಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ. ಹಾಗಾಗಿ ಬಳ್ಳಾರಿ ಮುಂದೆ ಬರುತ್ತದೆ. ಯುನಿಕೋಡ್ ಸಂಖ್ಯೆಗಳು ಅಕ್ಷರಕ್ಕೆ ವಿಳಾಸ ಕೊಡಲು ಇರುವವು, ಅಕಾರಾದಿ ಹೇಳಲು ಅಲ್ಲ.

ಇದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಕೊಡುವ ಪರಿಹಾರ ಎರಡು ಹೆಸರನ್ನು ಹೋಲಿಸುವ ಸ್ಟ್ರ್‌ಕಾಲ್ ಮತ್ತು ಜೋಡಣೆಗೆ ಕೀಲಿ ಮಾಡಿಕೊಡುವ ಸ್ಟ್ರ್‌ಎಕ್ಸ್‌ಫ್ರಮ್. ಕ್ರಮ ಯಾವುದು ಎನ್ನುವುದು ಮತ್ತೆ ಲೊಕೇಲ್ ಡೇಟಾಗೆ ಬಿಟ್ಟದ್ದು. ಆ ಡೇಟಾ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಬದಲಾಗಿಯೂ ಇದೆ. ಬಹುತೇಕ ಲಿನಕ್ಸ್‌ಗಳ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2018ರ ಆಗಸ್ಟ್‌ನಲ್ಲಿ ಬಂದ 2.28 ಆವೃತ್ತಿ ತನ್ನ ಜೋಡಣೆ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಂಡೆಕ್ಸ್‌ಗಳನ್ನು ಈ ಕ್ರಮದಲ್ಲೇ ಕಟ್ಟುತ್ತದೆ. ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದವರಿಗೆ ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್, ಹೊಸ ಕ್ರಮದಲ್ಲಿ ಹುಡುಕಾಟ. ಇರುವ ಸಾಲು ಸಿಗುವುದಿಲ್ಲ, ಒಂದೇ ಇರಬೇಕಾದದ್ದು ಎರಡಾಗಿ ಸೇರುತ್ತದೆ. ಪರಿಹಾರ ಎಲ್ಲ ಪಠ್ಯದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟುವುದು. ಡೆಬಿಯನ್ 10, ರೆಡ್‌ಹ್ಯಾಟ್ 8ಕ್ಕೆ ಹೋದವರೆಲ್ಲ ಈ ಗಡಿ ದಾಟಿದವರೇ. ಇದರಿಂದ ಕಲಿಯಬೇಕಾದ ಕೆಲಸ ಒಂದು: ಸ್ಟ್ರ್‌ಎಕ್ಸ್‌ಫ್ರಮ್ ಕೊಟ್ಟ ಕೀಲಿಯನ್ನು ಡಿಸ್ಕಿಗೆ ಬರೆಯಬೇಡಿ. ಓಡುತ್ತಿರುವಾಗ ಬಳಸಿ, ಬಿಡಿ.

ಇನ್ನೊಂದು ತೊಡಕು ಕೊಪ್ಪಳದ ‘ಕೊ’ದಲ್ಲೇ ಇದೆ. ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಬಂದರೆ ಇದನ್ನು ಮೊದಲು ಅನುಮಾನಿಸಿ. ಹೆಸರು ಒಳಗೆ ಬರುವ ಬಾಗಿಲಲ್ಲೇ ಎನ್ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿ ಬರೆದ ಒಂದೇ ರೂಪಕ್ಕೆ, ತನ್ನಿ. ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಮಾಡ್ಯೂಲ್ ಇದನ್ನು ಮಾಡುತ್ತದೆ.

ಜೋಡಿಸಲು ಒಳ್ಳೆಯ ದಾರಿ ಐಸಿಯು ಎಂಬ ಯುನಿಕೋಡ್ ಲೈಬ್ರರಿ, ಬ್ರೌಸರ್‌ನಲ್ಲಾದರೆ ಇಂಟ್ಲ್ ಕೊಲೇಟರ್. ಆವೃತ್ತಿ ಹಿಡಿದಿಟ್ಟುಕೊಳ್ಳಿ. ಬಸಾಪಟ್ಟಣ, ಬಳ್ಳಾರಿ ಜೋಡಿಯನ್ನು ಪರೀಕ್ಷೆಯಾಗಿ ಇಟ್ಟುಕೊಳ್ಳಿ. ಇನ್ನೂರು ಊರಿನ ಪಟ್ಟಿಗೆ ಅಷ್ಟು ದೊಡ್ಡ ಲೈಬ್ರರಿ ಬೇಡ ಅನಿಸಿದರೆ ಒಂದು ಚಿಕ್ಕ ಉಪಾಯ ಇದೆ. ಯುನಿಕೋಡ್ ಕೋಷ್ಟಕದಲ್ಲಿ ಹ ಆದ ತಕ್ಷಣದ ಜಾಗ ಖಾಲಿ ಇದೆ. ಜೋಡಣೆಯ ಕೀಲಿ ಮಾಡುವಾಗ ಮಾತ್ರ ಎನ್ಎಫ್‌ಸಿ ಮಾಡಿ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆದು, ಳ ಇರುವ ಕಡೆಯೆಲ್ಲ ಆ ಖಾಲಿ ಸಂಕೇತ ಹಾಕಿ. ಮೂಲ ಹೆಸರು ಹಾಗೇ ಇರಲಿ. ಇದು ನಿಘಂಟು ಮಾಡಲು ಸಾಲದು, ಡ್ರಾಪ್‌ಡೌನ್ ಪಟ್ಟಿಗೆ ಧಾರಾಳ.

ತಾರೀಖು

ತಾರೀಖು ಬರೆಯುವ ಸ್ಟ್ರ್‌ಎಫ್‌ಟೈಮ್ ಫಂಕ್ಷನ್‌ನಲ್ಲಿ ‘ಪರ್ಸೆಂಟ್ ಎಕ್ಸ್’ ಅಂದರೆ ಲೊಕೇಲ್‌ಗೆ ತಕ್ಕ ತಾರೀಖು. ‘ಸಿ’ ಲೊಕೇಲ್‌ನಲ್ಲಿ ಇದರ ರೂಪವನ್ನು ಸ್ಟ್ಯಾಂಡರ್ಡ್ ಖಚಿತವಾಗಿ ಹೇಳಿದೆ: ತಿಂಗಳು, ದಿನ, ಎರಡಂಕಿಯ ವರ್ಷ. ಅಮೆರಿಕದ ಕ್ರಮ. ಕನ್ನಡ ಲೊಕೇಲ್ ಇಲ್ಲದ ಸರ್ವರಿನಲ್ಲಿ 2025ರ ಏಪ್ರಿಲ್ 3 ಎಂಬುದು 04/03/25 ಆಗುತ್ತದೆ. ರಾಯಚೂರಿನಲ್ಲಿ ಹತ್ತಿ ಮಾರಿದವರು ಅದನ್ನು ಮಾರ್ಚ್ 4 ಎಂದೇ ಓದುತ್ತಾರೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅಂಗಡಿಯ ವಿಂಡೋಸ್ ಕಂಪ್ಯೂಟರಿನಲ್ಲೂ ಇದೇ ಹಾಡು. ಹಾಕಿಕೊಟ್ಟವರು ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋಗಿ ಪ್ರದೇಶ ಅಮೆರಿಕ ಎಂದೇ ಉಳಿದಿರುತ್ತದೆ.

ಹಾಗಾಗಿ ರೂಪವನ್ನು ನೀವೇ ಬರೆಯಿರಿ: ದಿನ, ತಿಂಗಳು, ನಾಲ್ಕಂಕಿಯ ವರ್ಷ. ತಿಂಗಳ ಹೆಸರು ಕನ್ನಡದಲ್ಲಿ ಬೇಕಾದರೆ ಹನ್ನೆರಡು ಹೆಸರಿನ ಪಟ್ಟಿ ಪ್ರೋಗ್ರಾಮ್‌ನಲ್ಲೇ ಇರಲಿ. ಬೆಳಿಗ್ಗೆ, ಸಂಜೆ ತೋರಿಸುವ ‘ಪರ್ಸೆಂಟ್ ಪಿ’ ಕೆಲವು ಲೊಕೇಲ್‌ಗಳಲ್ಲಿ ಖಾಲಿಯೇ ಬರಬಹುದು, ಇಪ್ಪತ್ನಾಲ್ಕು ಗಂಟೆಯ ಲೆಕ್ಕವೇ ಮೇಲು.

ಜಾವಾದವರು ನಕ್ಕು ಮುಂದೆ ಹೋಗಬೇಡಿ. 2017ರ ಜಾವಾ 9ರಲ್ಲಿ ಲೊಕೇಲ್ ಡೇಟಾದ ಮೂಲವೇ ಸಿಎಲ್‌ಡಿಆರ್‌ಗೆ (ಯುನಿಕೋಡ್‌ನವರ ಲೊಕೇಲ್ ಡೇಟಾ ಭಂಡಾರ) ಬದಲಾಯಿತು. ಜಾವಾ 20ರಲ್ಲಿ ಅಮೆರಿಕನ್ ಇಂಗ್ಲಿಷ್ ಸಮಯದ ಎಎಂ, ಪಿಎಂ ಹಿಂದಿನ ಖಾಲಿ ಜಾಗ ಮಾಮೂಲಿ ಸ್ಪೇಸ್ ಬದಲು ಮುರಿಯದ ಕಿರು ಸ್ಪೇಸ್ ಆಯಿತು. ಕಣ್ಣಿಗೆ ವ್ಯತ್ಯಾಸವೇ ಕಾಣದು. ಕೈಯಿಂದ ಬರೆದ ಸಮಯವನ್ನು ಓದುವ ಪ್ರೋಗ್ರಾಮ್‌ಗಳು ಬಿದ್ದವು. ಕಣ್ಣಿಗೆಂದು ಮಾಡಿದ ಸಾಲನ್ನು ಮತ್ತೆ ಯಂತ್ರದಿಂದ ಓದಿಸಿದರೆ ಹೀಗೇ.

ಅಕ್ಷರದ ಜಾತಿ ಕೇಳುವ ಫಂಕ್ಷನ್‌ಗಳು

ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಹಾಗಾಗಿ ಟುಅಪ್ಪರ್ ನಮಗೇಕೆ ಅನಿಸಬಹುದು. ಆದರೆ ಅಕ್ಷರವೇ ಎಂದು ಕೇಳುವ ಇಸಾಲ್ಫಾ, ದೊಡ್ಡಕ್ಷರ ಮಾಡುವ ಟುಅಪ್ಪರ್ ಎಂಬ ಸಿ ಭಾಷೆಯ ಫಂಕ್ಷನ್‌ಗಳಿಗೆ ಋಣ ಸಂಖ್ಯೆ ಹೋದರೆ ಅನ್‌ಡಿಫೈನ್ಡ್, ಫೈಲಿನ ಅಂತ್ಯದ ಗುರುತೊಂದನ್ನು ಬಿಟ್ಟು. ‘ಕ’ ಅಕ್ಷರ ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟ್. ಮಾಮೂಲಿ ಇಂಟೆಲ್ ಯಂತ್ರದಲ್ಲಿ ಚಾರ್ ಎಂಬುದಕ್ಕೆ ಚಿಹ್ನೆ ಇರುವುದರಿಂದ ಅವು -32, -78, -107 ಆಗಿ ಹೋಗುತ್ತವೆ. ಎಆರ್‌ಎಂ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಧನವೇ. ಒಂದೇ ಕೋಡ್, ಒಂದು ಕಡೆ ಸರಿ, ಇನ್ನೊಂದು ಕಡೆ ಅಡ್ಡಾದಿಡ್ಡಿ. ಕರೆಯುವ ಮುಂಚೆ ಅನ್‌ಸೈನ್ಡ್ ಚಾರ್‌ಗೆ ಬದಲಿಸಿ. ಜಾವಾದಲ್ಲಿ ಕೀಲಿಪದಗಳನ್ನು ದೊಡ್ಡಕ್ಷರ ಮಾಡುವಾಗ ಯಾವ ಭಾಷೆಗೂ ಸೇರದ ರೂಟ್ ಲೊಕೇಲ್ ಕೊಡಿ. ಇಲ್ಲದಿದ್ದರೆ ಟರ್ಕಿ ಲೊಕೇಲ್‌ನಲ್ಲಿ ಚಿಕ್ಕ ‘ಐ’ ಮೇಲೆ ಚುಕ್ಕೆ ಇರುವ ದೊಡ್ಡ ‘ಐ’ ಆಗುತ್ತದೆ.

ಒಂದೇ ಪ್ರೋಗ್ರಾಮ್, ಹಲವು ಗಿರಾಕಿಗಳು

ಸೆಟ್‌ಲೊಕೇಲ್ ಇಡೀ ಪ್ರೋಗ್ರಾಮಿಗೆ ಒಂದೇ. ವೆಬ್ ಸರ್ವರಿನಲ್ಲಿ ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಇಂಗ್ಲಿಷ್ ಕೊಡಲು ಪ್ರತಿ ಕೋರಿಕೆಗೂ ಇದನ್ನು ಬದಲಿಸಿದರೆ ಥ್ರೆಡ್‌ಗಳು, ಅಂದರೆ ಒಟ್ಟಿಗೆ ಓಡುವ ಕೆಲಸದ ಎಳೆಗಳು, ಒಂದರ ಕಾಲು ಒಂದು ತುಳಿಯುತ್ತವೆ. ಪೈಥಾನ್ ದಾಖಲೆಯೇ ಹೇಳುತ್ತದೆ: ಲೈಬ್ರರಿ ಕೋಡಿನಲ್ಲಿ ಇದನ್ನು ಕರೆಯಬೇಡಿ. ಲೊಕೇಲ್ ಅನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವ ಸಾಧನ ಬಳಸಿ. ಪೈಥಾನ್‌ಗೆ ಬೇಬಲ್ ಲೈಬ್ರರಿ, ಜಾವಾದಲ್ಲಿ ಅದೇ ಫಂಕ್ಷನ್‌ಗಳ ಲೊಕೇಲ್ ಪಡೆಯುವ ರೂಪಗಳು, ಸಿ ಭಾಷೆಗೆ ಪೋಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್) 2008ರ ನ್ಯೂಲೊಕೇಲ್, ಯೂಸ್‌ಲೊಕೇಲ್. ಗೋ ಮತ್ತು ರಸ್ಟ್ ಭಾಷೆಯವರು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಲೊಕೇಲ್ ಇಡಲೇ ಇಲ್ಲ. ನನಗೇನೋ ಅದೇ ಜಾಣತನ ಅನಿಸುತ್ತದೆ.

ಪರೀಕ್ಷೆ

ನಿಮ್ಮ ಪರೀಕ್ಷೆಗಳನ್ನೆಲ್ಲ ನಾಲ್ಕು ಸಲ ಓಡಿಸಿ: ‘ಸಿ’, ಕನ್ನಡ, ಜರ್ಮನ್, ಟರ್ಕಿಶ್. ಎಲ್‌ಸಿ ಆಲ್ ಬದಲಿಸಿದರೆ ಸಾಕು. ಡೇಟಾಬೇಸ್ ಮತ್ತು ಸಿಎಸ್‌ವಿ ನಾಲ್ಕರಲ್ಲೂ ಬೈಟ್ ಬೈಟ್ ಒಂದೇ ಇರಬೇಕು. ಪಟ್ಟಿಯ ಪ್ರಿಂಟ್ ಕೂಡ, ಮೇಲೆ ಹೇಳಿದಂತೆ ಮಾಡಿದ್ದರೆ. ಜರ್ಮನ್, ಟರ್ಕಿಶ್ ಲೊಕೇಲ್‌ಗಳನ್ನು ಪರೀಕ್ಷೆಯ ಯಂತ್ರದಲ್ಲಿ ಮೊದಲೇ ಹಾಕಿರಬೇಕು. ಇಲ್ಲದಿದ್ದರೆ ಸಿ ಪ್ರೋಗ್ರಾಮ್ ಸದ್ದಿಲ್ಲದೆ ‘ಸಿ’ ಲೊಕೇಲ್‌ನಲ್ಲೇ ಓಡಿ, ನಾಲ್ಕೂ ಪಾಸ್ ಎಂದು ತೋರಿಸುತ್ತದೆ. ಕೇಳಿದ ಲೊಕೇಲ್ ಸಿಗದಿದ್ದರೆ ಪರೀಕ್ಷೆ ಅಲ್ಲೇ ಫೇಲ್ ಆಗುವಂತೆ ಬರೆಯಿರಿ.